ಈ ‘ಡಿ. ಸಿ.’ ಯಾರು ಗೊತ್ತಾ?

ನಮ್ಮ ಕಡೆ ಡಿಸಿ ಅಂದ್ರೆ ಜಿಲ್ಲಾಧಿಕಾರಿ. ಇವತ್ತಿನ ಡಿ. ಸಿ. ಬೇರೆ. ಹಳೇ ‘ಸ್ಟಾರ್ ಟ್ರೆಕ್’ ನೋಡಿದ್ರೆ, ಬರೆದವರು ‘ಡಿ. ಸಿ. ಫಾಂಟಾನಾ’ ಅಂತ ಬರುತ್ತೆ. ಪೂರ್ತಿ ಹೆಸರು ಡೊರೊಥಿ ಕ್ಯಾಥರಿನ್ ಫಾಂಟಾನಾ.

1939ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇವರು ಟಿವಿ ಲೋಕಕ್ಕೆ ಬಂದದ್ದು ಸೆಕ್ರೆಟರಿಯಾಗಿ. 21ನೇ ವಯಸ್ಸಿಗೇ ‘ದಿ ಟಾಲ್ ಮ್ಯಾನ್’ ಅನ್ನೋ ಕೌಬಾಯ್ ಸರಣಿಗೆ ಮೊದಲ ಕಥೆ ಮಾರಿದ್ರು. ಆದ್ರೂ ಸೆಕ್ರೆಟರಿ ಕೆಲಸ ಬಿಡಲಿಲ್ಲ. ಬಿಕಾಂ ಓದಿದ ನನ್ನ ತಲೆಗೆ ಇದು ಚೆನ್ನಾಗಿ ಅರ್ಥ ಆಗುತ್ತೆ: ಕಥೆಗೆ ದುಡ್ಡು ಯಾವಾಗ ಬರುತ್ತೋ ಗೊತ್ತಿಲ್ಲ, ಸಂಬಳ ಮಾತ್ರ ಬರುತ್ತೆ.

ಹಾಗಾದ್ರೆ ಇನಿಶಿಯಲ್ ಯಾಕೆ? ಹೆಣ್ಣಿನ ಹೆಸರು ನೋಡಿದ ಕೂಡಲೇ ಸ್ಕ್ರಿಪ್ಟ್ ಪಕ್ಕಕ್ಕಿಡೋ ಕಾಲ ಅದು. ಮೊದಲು ಓದಲಿ, ಆಮೇಲೆ ಯಾರು ಅಂತ ಗೊತ್ತಾಗಲಿ ಅನ್ನೋದು ಅವರ ಲೆಕ್ಕ.

‘ಸ್ಟಾರ್ ಟ್ರೆಕ್’ ಶುರುವಾದಾಗ ಅವರು ನಿರ್ಮಾಪಕ ಜೀನ್ ರಾಡೆನ್‌ಬೆರಿಯ ಸೆಕ್ರೆಟರಿ. ಬೇರೆಯವರು ಬರೆದ ಒಂದು ಸ್ಕ್ರಿಪ್ಟ್ ಸರಿ ಬರ್ತಿರಲಿಲ್ಲ. ಇದನ್ನ ಸರಿಮಾಡಿದ್ರೆ ಸ್ಟೋರಿ ಎಡಿಟರ್ ಹುದ್ದೆ ನಿಮ್ಮದು ಅಂದ್ರು ರಾಡೆನ್‌ಬೆರಿ. ಕಥೆಯಲ್ಲಿ ಪ್ರೀತಿಗೆ ಬೀಳೋದು ಸುಲು ಅನ್ನೋ ಪಾತ್ರ. ಫಾಂಟಾನಾ ಅದನ್ನ ಸ್ಪಾಕ್‌ಗೆ ಕೊಟ್ರು. ಭಾವನೆನೇ ತೋರಿಸದ ಮನುಷ್ಯ ಪ್ರೀತಿಗೆ ಬಿದ್ರೆ? ಅಲ್ಲೇ ಕಥೆ ಎದ್ದು ನಿಂತಿತು. 1967ರಲ್ಲಿ ‘ದಿಸ್ ಸೈಡ್ ಆಫ್ ಪ್ಯಾರಡೈಸ್’ ಆಗಿ ಪ್ರಸಾರ ಆಯ್ತು. 27ರ ವಯಸ್ಸಿಗೆ ಅವರು ಸ್ಟೋರಿ ಎಡಿಟರ್!

ಅದೇ ವರ್ಷ ‘ಜರ್ನಿ ಟು ಬೇಬೆಲ್’ನಲ್ಲಿ ಸ್ಪಾಕ್‌ನ ಅಪ್ಪ-ಅಮ್ಮನನ್ನ ಮೊದಲ ಸಲ ತೆರೆಗೆ ತಂದ್ರು. ಮಗನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟ ಅಪ್ಪ, ನಡುವೆ ಸಿಕ್ಕಿಕೊಂಡ ಅಮ್ಮ. ಬಾಹ್ಯಾಕಾಶ ನೌಕೆ ತೆಗೆದುಬಿಡಿ, ನಮ್ಮ ಎಷ್ಟೋ ಮನೆಗಳ ಕಥೆನೇ ಅದು. ಅವರ ಶಕ್ತಿ ಇದ್ದದ್ದೇ ಅಲ್ಲಿ.

ಮುಂದೆ ಫ್ರೀಲ್ಯಾನ್ಸ್ ಆಗಿ ಬರೆದ್ರು. 1973ರ ಅನಿಮೇಟೆಡ್ ‘ಸ್ಟಾರ್ ಟ್ರೆಕ್’, 1987ರ ‘ನೆಕ್ಸ್ಟ್ ಜನರೇಶನ್’ನ ಮೊದಲ ಕಂತು, ಆಮೇಲೆ ‘ಬ್ಯಾಬಿಲಾನ್ 5’. 2019ರ ಡಿಸೆಂಬರ್‌ನಲ್ಲಿ ತೀರಿಕೊಂಡ್ರು.

ಹೆಸರಿನ ಎರಡು ಅಕ್ಷರದ ಹಿಂದೆ ಅಡಗಿ ಕೂತು ಬರೆಯಬೇಕಾಗಿ ಬಂದದ್ದು ಅನ್ಯಾಯನೇ. ಆದ್ರೆ ಅವರು ಬರೆದದ್ದು ಅಡಗಲಿಲ್ಲ. ಮುಂದಿನ ಸಲ ಒಂದು ಸೀರೀಸ್ ಮುಗಿದಾಗ ‘ಸ್ಕಿಪ್’ ಒತ್ತಬೇಡಿ. ಬರೆದವರು ಯಾರು ಅಂತ ಒಮ್ಮೆ ನೋಡಿ. ಮತ್ತೆ ಸಿಗೋಣ.