ಕೋಲ್ ಒಡೆದ ಸಂಖ್ಯೆ

2 ಬರೆದು ಇಮ್ಮಡಿ ಮಾಡುತ್ತ ಹೋಗಿ: 4, 8, 16, 32, 64, 128... ಪ್ರತಿಯೊಂದರಿಂದ 1 ಕಳೆಯಿರಿ. 3, 7, 15, 31, 63, 127 ಸಿಗುತ್ತವೆ. ಇವುಗಳಲ್ಲಿ 3, 7, 31, 127 ಅವಿಭಾಜ್ಯ ಸಂಖ್ಯೆಗಳು. ಎರಡು ಸಣ್ಣ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯುವುದಿಲ್ಲ. ಎಷ್ಟು ಎರಡುಗಳನ್ನು ಗುಣಿಸಿದ್ದರಿಂದ ಇವು ಬಂದವು? 2, 3, 5, 7. ಅವೂ ಅವಿಭಾಜ್ಯಗಳೇ! ಮುಂದಿನ ಅವಿಭಾಜ್ಯ 11. ಹನ್ನೊಂದು ಎರಡುಗಳನ್ನು ಗುಣಿಸಿ 1 ಕಳೆದರೆ 2047. ಇಲ್ಲಿ ಲೆಕ್ಕ ಕೈಕೊಡುತ್ತದೆ: 23 × 89 = 2047.

ಇಂಥವುಗಳಲ್ಲಿ ಯಾವುವು ಅವಿಭಾಜ್ಯ ಎಂದು ಫ್ರಾನ್ಸಿನ ಸನ್ಯಾಸಿ ಮರ್ಸೆನ್ 1644ರಲ್ಲಿ ಪಟ್ಟಿ ಕೊಟ್ಟರು. ಅದರಲ್ಲಿ 67 ಎರಡುಗಳದ್ದೂ ಇತ್ತು:

14,75,73,95,25,89,67,64,12,927

ಸುಮಾರು ಹದಿನಾಲ್ಕೂಮುಕ್ಕಾಲು ಲಕ್ಷ ಕೋಟಿ ಕೋಟಿ! ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1876ರಲ್ಲಿ, ಫ್ರಾನ್ಸಿನವರೇ ಆದ ಲ್ಯೂಕಾ ಎಂಬ ಗಣಿತಜ್ಞರು ಇದು ಅವಿಭಾಜ್ಯವಲ್ಲ ಎಂದು ತೋರಿಸಿದರು. ಸೋಜಿಗವೆಂದರೆ, ಯಾವುದರಿಂದ ಭಾಗವಾಗುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ಮಣ್ಣಿನ ಹುಂಡಿಯನ್ನು ಅಲ್ಲಾಡಿಸಿದರೆ ಒಳಗೆ ಒಂದಕ್ಕಿಂತ ಹೆಚ್ಚು ನಾಣ್ಯಗಳಿವೆ ಎಂದು ಸದ್ದೇ ಹೇಳುತ್ತದೆ. ಯಾವ ನಾಣ್ಯಗಳೆಂದು ಹೇಳುವುದಿಲ್ಲ, ಅಲ್ಲವೇ? ಲ್ಯೂಕಾ ಅವರ ಪರೀಕ್ಷೆಯೂ ಹಾಗೆಯೇ.

ಹುಂಡಿ ಒಡೆದವರು ಅಮೆರಿಕದ ಫ್ರ್ಯಾಂಕ್ ನೆಲ್ಸನ್ ಕೋಲ್. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಗಣಿತ ಸಭೆಯೊಂದರಲ್ಲಿ ಅವರು ಬೋರ್ಡಿನ ಬಳಿ ಹೋಗಿ, ತುಟಿ ಪಿಟಕ್ಕೆನ್ನದೆ, 67 ಎರಡುಗಳ ಗುಣಲಬ್ಧದಿಂದ 1 ಕಳೆದು ಬರೆದರಂತೆ. ಪಕ್ಕದಲ್ಲಿ ಇನ್ನೊಂದು ಗುಣಾಕಾರ:

19,37,07,721 × 7,61,83,82,57,287

ಎರಡೂ ಉತ್ತರ ಒಂದೇ. ಸಭೆ ಚಪ್ಪಾಳೆ ತಟ್ಟಿತು. ಇದಕ್ಕೆ ಮೂರು ವರ್ಷಗಳ ಭಾನುವಾರಗಳು ಹಿಡಿದವು ಎಂದು ಕೋಲ್ ಆಮೇಲೆ ಹೇಳಿದ್ದಾಗಿ ಗಣಿತಜ್ಞ ಇ. ಟಿ. ಬೆಲ್ ಬರೆದಿದ್ದಾರೆ. ಹುಡುಕಲು ವರ್ಷಗಳು, ತಾಳೆ ನೋಡಲು ಒಂದೇ ಗುಣಾಕಾರ!

ಅದನ್ನು ಪೂರ್ತಿ ಮಾಡಲು ಬೇಸರವೇ? ಕೊನೆಯ ಎರಡೆರಡು ಅಂಕಿಗಳನ್ನಷ್ಟೇ ಗುಣಿಸಿ: 21 × 87 = 1827. ದೊಡ್ಡ ಸಂಖ್ಯೆಯ ಕೊನೆಯಲ್ಲೂ 27 ಇದೆ. ಇನ್ನು ಅಂಕಿಗಳನ್ನು ಕೂಡಿ. ಮೊದಲ ತುಂಡಿನ ಮೊತ್ತ 37; 3 + 7 = 10; 1 + 0 = 1. ಎರಡನೆಯದರ ಮೊತ್ತ 64, ಅದೂ 1ಕ್ಕೆ ಇಳಿಯುತ್ತದೆ. 1 × 1 = 1. ದೊಡ್ಡ ಸಂಖ್ಯೆಯ ಮೊತ್ತ 109; 1 + 0 + 9 = 10, ಕೊನೆಗೆ 1. ಈ ಉಪಾಯ ಎಷ್ಟೋ ತಪ್ಪುಗಳನ್ನು ಹಿಡಿಯುತ್ತದೆ. ಆದರೆ ಉತ್ತರ ಸರಿಯೇ ಎಂದು ಪ್ರಮಾಣ ಮಾಡುವಷ್ಟು ಶಕ್ತಿ ಅದಕ್ಕಿಲ್ಲ.

ಕೋಲ್ ಸಿಕ್ಕಸಿಕ್ಕ ಸಂಖ್ಯೆಯಿಂದೆಲ್ಲ ಭಾಗಿಸಬೇಕಿರಲಿಲ್ಲ. 2047ರ ತುಂಡುಗಳನ್ನೇ ನೋಡಿ. 11ರ ಎರಡರಷ್ಟು 22. 23 ಮತ್ತು 89 ಎರಡನ್ನೂ 22ರಿಂದ ಭಾಗಿಸಿದರೆ ಶೇಷ 1. ಅದೇ ನಿಯಮ 67ಕ್ಕೂ ಉಂಟು, ಅಲ್ಲಿ ಭಾಗಿಸಬೇಕಾದ್ದು 134ರಿಂದ. ಮೊದಲ ತುಂಡು ಸರಿಹೋಗುತ್ತದೆ: 134 × 14,45,580ಕ್ಕೆ 1 ಕೂಡಿದರೆ 19,37,07,721. ಎರಡನೆಯದನ್ನು ನೀವು ಭಾಗಿಸಿ. ಕ್ಯಾಲ್ಕುಲೇಟರ್‌ನಲ್ಲಿ ಅಷ್ಟು ಅಂಕಿ ಹಿಡಿಯದಿದ್ದರೆ ಕಾಗದವೇ ಗತಿ.