ವಸ್ತುಸಂಗ್ರಹಾಲಯಗಳ ಸೇವೆಯೂ ಆ ಸೇವೆಗೆ ಬೇಕಾದ ಶಿಕ್ಷಣವೂ



ಪೂರ್ವಿಕರ ವಸ್ತುಗಳನ್ನು ಕಾಯುವದು ಸಂಬಳದವರ ಕೆಲಸವೋ ಅಥವಾ ಅಭಿಮಾನದಿಂದ ತಾವಾಗಿ ಬಂದವರ ಕೆಲಸವೋ ಎಂಬ ಪ್ರಶ್ನೆಯು ವಸ್ತುಸಂಗ್ರಹಾಲಯಗಳಷ್ಟೇ ಹಳೆಯದಾಗಿರುವದು. ಭರತಖಂಡದಲ್ಲಿ ಇಂಥ ಸಂಸ್ಥೆಯು ಹುಟ್ಟಿದ್ದೇ ವೇತನವಿಲ್ಲದ ಸೇವೆಯಿಂದ. ಕ್ರಿ.ಶ. ೧೮೧೪ನೆಯ ಇಸವಿಯಲ್ಲಿ ನಥಾನಿಯಲ್ ವಾಲಿಕ್ ಎಂಬ ಡೆನ್ಮಾರ್ಕ್ ದೇಶದ ವೈದ್ಯರು ಕಲಕತ್ತೆಯ ಏಷಿಯಾಟಿಕ್ ಸೊಸೈಟಿಗೆ ಒಂದು ಪತ್ರವನ್ನು ಬರೆದು, ಸೊಸೈಟಿಯು ಒಂದು ಸಂಗ್ರಹಾಲಯವನ್ನು ತೆರೆಯುವದಾದರೆ ತಮ್ಮ ಸ್ವಂತ ಸಂಗ್ರಹದೊಳಗಿನ ವಸ್ತುಗಳನ್ನು ಕೊಟ್ಟು, ಅದರ ಮೇಲ್ವಿಚಾರಣೆಯನ್ನೂ ಪ್ರತಿಫಲವಿಲ್ಲದೆ ವಹಿಸಿಕೊಳ್ಳುವದಾಗಿ ತಿಳಿಸಿದರು. ಇಂದು ಇಂಡಿಯನ್ ಮ್ಯೂಜಿಯಂ ಎಂದು ಪ್ರಸಿದ್ಧವಾಗಿರುವ ಸಂಸ್ಥೆಗೆ ಇದೇ ಮೂಲವು. ವಾಲಿಕ್ ಅವರು ವೇತನವನ್ನು ಬೇಡಲಿಲ್ಲವೆಂಬುದನ್ನು ಎಲ್ಲರೂ ಕೊಂಡಾಡುವರು. ಆದರೆ ಅವರು ಸಸ್ಯಶಾಸ್ತ್ರದಲ್ಲಿ ನುರಿತವರಾಗಿದ್ದರೆಂಬುದನ್ನು ಕೊಂಡಾಡುವವರು ಅಷ್ಟಾಗಿ ಎಣಿಸುವದಿಲ್ಲ. ಒಣಗಿದ ಒಂದು ಎಲೆಯನ್ನು ಮುರಿಯದಂತೆ ಹೇಗೆ ಎತ್ತಬೇಕು, ಅದರ ಹೆಸರನ್ನೂ ದೊರೆತ ಸ್ಥಳವನ್ನೂ ಹೇಗೆ ಬರೆದಿಡಬೇಕು ಎಂಬುದು ಅವರಿಗೆ ಕರತಲಾಮಲಕವಾಗಿತ್ತು. ಸಂಬಳವಿಲ್ಲದ ಸೇವೆಯೆಂದರೆ ವಿದ್ಯೆಯಿಲ್ಲದ ಸೇವೆಯೆಂದು ತಿಳಿಯುವವರು ಈ ಮಾತನ್ನು ಮೊದಲು ಲಕ್ಷ್ಯಕ್ಕೆ ತರತಕ್ಕದ್ದು.

ಇದರ ಕಠಿಣವಾದ ಪರೀಕ್ಷೆಯು ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ನಡೆಯಿತು. ೧೯೬೬ನೆಯ ಇಸವಿ ನವಂಬರ ೪ನೆಯ ತಾರೀಖಿನಂದು ಆರ್ನೋ ನದಿಯು ದಡವನ್ನು ಮೀರಿ ಊರೊಳಗೆ ನುಗ್ಗಿತು. ಚಳಿಗಾಲಕ್ಕೆಂದು ನೆಲಮಾಳಿಗೆಗಳಲ್ಲಿ ತುಂಬಿಟ್ಟಿದ್ದ ಉರುವಲೆಣ್ಣೆಯು ಕೆಸರಿನೊಡನೆ ಬೆರೆತು ದೇವಾಲಯ, ಗ್ರಂಥಾಲಯ, ಸಂಗ್ರಹಾಲಯಗಳನ್ನು ಹೊಕ್ಕಿತು. ನದಿಯ ಮಗ್ಗುಲಲ್ಲಿಯೇ ಇದ್ದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಹತ್ತು ಲಕ್ಷದಷ್ಟು ಗ್ರಂಥಗಳೂ ಪತ್ರಿಕೆಗಳೂ ಕೆಸರಿನ ಪಾಲಾದವು. ಸಾಂತಾ ಕ್ರೋಚೆ ದೇವಾಲಯದ ಸಂಗ್ರಹಾಲಯದಲ್ಲಿದ್ದ, ಚಿಮಾಬುಯೆ ಎಂಬ ಪ್ರಾಚೀನ ಚಿತ್ರಕಾರನ ಮರದ ದೊಡ್ಡ ಶಿಲುಬೆಯು ತನ್ನ ಬಣ್ಣದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕಳೆದುಕೊಂಡಿತು. ವಿಜ್ಞಾನೇತಿಹಾಸದ ಸಂಗ್ರಹಾಲಯದ ಮುಖ್ಯಸ್ಥೆಯಾದ ಮರಿಯಾ ಲೂಯಿಜಾ ರಿಗಿನಿ ಬೊನೆಲ್ಲಿ ಎಂಬ ಮಾತೆಯು ಹಳೆಯ ಯಂತ್ರಗಳನ್ನು ಕೈಯಲ್ಲಿ ಹೊತ್ತು, ಕಟ್ಟಡದ ಎತ್ತರದ ಅಂಚಿನ ಮೇಲೆ ನಡೆದು, ನೆರೆಯ ಕಟ್ಟಡಕ್ಕೆ ಸಾಗಿಸಿದಳು.

ವರ್ತಮಾನವು ಹರಡಿದೊಡನೆ ಇಟಲಿಯ ಊರೂರುಗಳಿಂದಲೂ ಪರದೇಶಗಳಿಂದಲೂ ವಿದ್ಯಾರ್ಥಿಗಳು ತಂಡತಂಡವಾಗಿ ಬಂದರು. ಅವರನ್ನು ಯಾರೂ ಕರೆಯಲಿಲ್ಲ, ಯಾರೂ ಕೂಲಿಯನ್ನು ಗೊತ್ತುಮಾಡಲಿಲ್ಲ. ದುರ್ಗಂಧವನ್ನು ತಾಳಲಾರದೆ ಮುಖವಾಡಗಳನ್ನು ಕಟ್ಟಿಕೊಂಡು, ಗ್ರಂಥಾಲಯದ ನೆಲಮಾಳಿಗೆಯಿಂದ ಮೇಲಿನವರೆಗೆ ಸಾಲುಗಟ್ಟಿ ನಿಂತು, ಒಂದೊಂದು ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿದರು. ಗ್ರಂಥಾಲಯದ ಅಧಿಕಾರಿಯಾದ ಎಮಾನುಯೆಲೆ ಕಸಾಮಸ್ಸಿಮಾ ಅವರು ಈ ಹುಡುಗರ ನಡುವೆಯೇ ಕೆಸರಿನಲ್ಲಿ ನಿಂತು ಕೆಲಸ ಮಾಡಿದರು. ಜನರು ಆ ತರುಣರಿಗೆ 'ಕೆಸರಿನ ದೇವದೂತರು' ಎಂದು ಹೆಸರಿಟ್ಟರು. ಹೆಸರು ಸಾರ್ಥಕವಾದದ್ದೇ ಸರಿ. ಅವರು ಬಾರದೆ ಇದ್ದರೆ ಆ ಗ್ರಂಥಗಳು ಅಲ್ಲಿಯೇ ಕೊಳೆತುಹೋಗುತ್ತಿದ್ದವು.

ಆದರೆ ಪುಸ್ತಕವು ಕೆಸರಿನಿಂದ ಮೇಲೆ ಬಂದ ಮಾತ್ರಕ್ಕೆ ಉಳಿಯಿತೆಂದು ಹೇಳಬರುವದಿಲ್ಲ. ನೀರನ್ನು ಹೀರಲೆಂದು ಮರದ ಹೊಟ್ಟನ್ನು ಉದುರಿಸಿದರೆ ಆ ಹೊಟ್ಟು ಹಾಳೆಗಳ ನಡುವೆ ಸೇರಿಕೊಂಡು ಹೊಸ ತೊಂದರೆಯಾಯಿತು. ತಂಬಾಕನ್ನು ಒಣಗಿಸುವ ಗೂಡುಗಳಿಗೆ ಸಾವಿರಾರು ಗ್ರಂಥಗಳನ್ನು ಸಾಗಿಸಿದರು. ಬೇರೆ ಸ್ಥಳವಾದರೂ ಎಲ್ಲಿತ್ತು? ಆದರೆ ಚರ್ಮದ ಹಾಳೆಯ ಪ್ರಕೃತಿಯೇ ಬೇರೆ. ನೆನೆದ ಚರ್ಮಕ್ಕೆ ಬಿಸಿಯು ತಾಗಿದರೆ ಅದು ಮುದುಡುವದು, ಹಾಗೂ ಒಮ್ಮೆ ಮುದುಡಿದ್ದು ಮೊದಲಿನಂತೆ ಆಗಲಾರದು. ನುಣುಪು ಕಾಗದದ ಹಾಳೆಗಳಾದರೋ ಒದ್ದೆಯಾಗಿ ಒಣಗಿದರೆ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗುವವು. ಒಳ್ಳೆಯ ಮನಸ್ಸಿನಿಂದ ಮಾಡಿದ ಕಾರ್ಯದಿಂದಲೂ ಕೇಡಾಗುವದೆಂಬ ಈ ಸಂಗತಿಯು ಸೇವಕನಿಗೆ ಅಪ್ರಿಯವಾದರೂ ಅವನು ಅದನ್ನು ತಿಳಿದಿರಲೇಬೇಕು.

ಆಗ ಇಂಗ್ಲಂಡದಿಂದ ಪೀಟರ್ ವಾಟರ್ಸ್ ಎಂಬ ಪುಸ್ತಕ ಕಟ್ಟುವ ಕುಶಲಿಗಳೂ ಅವರ ಸಂಗಡಿಗರೂ ಬಂದರು. ಅವರು ಮಾಡಿದ ದೊಡ್ಡ ಉಪಕಾರವೆಂದರೆ ಕೆಲಸಕ್ಕೆ ಒಂದು ಕ್ರಮವನ್ನು ಹಾಕಿಕೊಟ್ಟದ್ದು. ಪ್ರತಿಯೊಂದು ಪುಸ್ತಕಕ್ಕೂ ಒಂದು ಚೀಟಿ. ಅದು ಯಾವ ಸ್ಥಿತಿಯಲ್ಲಿದೆ, ಬಿಚ್ಚಬೇಕೋ, ತೊಳೆಯಬೇಕೋ, ಹರಿದದ್ದನ್ನು ಹಚ್ಚಬೇಕೋ, ತಿರುಗಿ ಕಟ್ಟಬೇಕೋ ಎಂಬುದನ್ನು ಆ ಚೀಟಿಯಲ್ಲಿ ಸಂಕೇತಗಳಿಂದ ಗುರುತಿಸುವದು. ಬೇರೆಬೇರೆ ಭಾಷೆಯವರು ಒಂದೇ ಮೇಜಿನ ಬಳಿ ದುಡಿಯುವಲ್ಲಿ ಮಾತಿಗಿಂತ ಸಂಕೇತವೇ ಲೇಸು. ಹಿಂದೆಂದೂ ಸೂಜಿದಾರವನ್ನು ಹಿಡಿಯದ ಸ್ಥಳೀಯ ಯುವಕ ಯುವತಿಯರು ಈ ಕ್ರಮದಲ್ಲಿ ಒಂದೊಂದೇ ಕೆಲಸವನ್ನು ಕಲಿತು ಪರಿಣತರಾದರು. ಕೆಲವರಿಗೆ ಅದೇ ಜೀವನದ ವೃತ್ತಿಯಾಯಿತು. ವಾಟರ್ಸ್ ಅವರು ಮುಂದೆ ೧೯೭೧ರಲ್ಲಿ ಅಮೇರಿಕದ ಕಾಂಗ್ರೆಸ್ ಗ್ರಂಥಾಲಯಕ್ಕೆ ಹೋಗಿ ಅಲ್ಲಿಯ ಗ್ರಂಥರಕ್ಷಣ ವಿಭಾಗವನ್ನು ನಡೆಯಿಸಿದರು.

ಚಿತ್ರಗಳ ವಿಷಯದಲ್ಲಿ ಅವಸರವು ಇನ್ನೂ ಅಪಾಯಕರವು. ನೆನೆದು ಉಬ್ಬಿದ ಮರವು ಬೇಗನೆ ಒಣಗಿದರೆ ಕುಗ್ಗುವದು, ಮೇಲಿನ ಬಣ್ಣವು ಅದರೊಡನೆ ಕುಗ್ಗದೆ ಹೆಕ್ಕಳಿಕೆಯೆದ್ದು ಉದುರುವದು. ಆದ್ದರಿಂದ ಬಣ್ಣದ ಮೇಲೆ ತೆಳುವಾದ ಕಾಗದವನ್ನು ಅಂಟಿಸಿ, ಬೊಬೊಲಿ ಉದ್ಯಾನದಲ್ಲಿ ನಿಂಬೆಯ ಗಿಡಗಳನ್ನು ಚಳಿಯಿಂದ ಕಾಯುವ ಉದ್ದನ್ನ ಮನೆಯಲ್ಲಿ ಆ ಹಲಗೆಚಿತ್ರಗಳನ್ನಿಟ್ಟು, ಒಳಗಿನ ಗಾಳಿಯನ್ನು ಬೇಕೆಂದೇ ತೇವವಾಗಿರಿಸಿ, ಆ ತೇವವನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬಂದರು. ಒದ್ದೆಯಾದದ್ದನ್ನು ಒದ್ದೆಯಾಗಿಯೇ ಇಡುವದು ಅರಿಯದವನಿಗೆ ಹುಚ್ಚುತನವಾಗಿ ಕಾಣುವದು. ಚಿಮಾಬುಯೆಯ ಶಿಲುಬೆಯು ಹತ್ತು ವರ್ಷಗಳ ತರುವಾಯ, ೧೯೭೬ರಲ್ಲಿ, ತನ್ನ ಸ್ಥಾನಕ್ಕೆ ಮರಳಿತು.

ಈ ವಿದ್ಯೆಯನ್ನು ಕಲಿಸುವ ಶಾಲೆಗಳು ನಮ್ಮ ದೇಶದಲ್ಲಿಯೂ ಉಂಟು. ಬಡೋದೆಯ ವಿಶ್ವವಿದ್ಯಾಲಯದಲ್ಲಿ ಸಂಗ್ರಹಾಲಯಶಾಸ್ತ್ರದ ವಿಭಾಗವು ೧೯೫೨ರಲ್ಲಿ ಆರಂಭವಾಯಿತು. ಸಾಂಸ್ಕೃತಿಕ ವಸ್ತುಗಳ ರಕ್ಷಣೆಗೆಂದು ಲಖನೌದಲ್ಲಿ ೧೯೭೬ರಲ್ಲಿ ರಾಷ್ಟ್ರೀಯ ಪ್ರಯೋಗಾಲಯವು ಸ್ಥಾಪಿತವಾಯಿತು.

ಹೊಳೆಯ ಪ್ರವಾಹವು ಎಂದೋ ಒಮ್ಮೆ ಬರುವಂಥದು. ಗೆದ್ದಲು, ಬೆಳ್ಳಿಹುಳ, ಧೂಳು ಇವು ಪ್ರತಿದಿನವೂ ಬರುವವು. ಕನ್ನಡ ನಾಡಿನ ಮಠಗಳಲ್ಲಿಯೂ ಮನೆತನಗಳಲ್ಲಿಯೂ ಇರುವ ತಾಡವೋಲೆಯ ಕಟ್ಟುಗಳಿಗೆ ಫ್ಲಾರೆನ್ಸಿನ ಅನುಭವವು ಅನ್ವಯಿಸುವದು ಈ ಕಾರಣದಿಂದಲೇ. ವಿಜಯಪುರದ ಫ. ಗು. ಹಳಕಟ್ಟಿಯವರು ವಕೀಲರಾಗಿದ್ದರು, ಓಲೆಗಳನ್ನು ಹುಡುಕಿ ಓದುವದಕ್ಕೆ ಅವರಿಗೆ ಯಾರೂ ಸಂಬಳವನ್ನು ಕೊಡಲಿಲ್ಲ. ಆದರೂ ಪ್ರತಿಗಳನ್ನು ಒಂದುಗೂಡಿಸಿ, ಹಳೆಯ ಬರಹವನ್ನು ಓದುವದನ್ನು ರೂಢಿಸಿಕೊಂಡು, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು ಹೊರಗೆಡವಿದರು. ಅವರ ತ್ಯಾಗವನ್ನು ಬಣ್ಣಿಸುವ ಭಾಷಣಗಳು ಬಹಳ. ಅವರು ಪಟ್ಟ ಈ ಅಭ್ಯಾಸದ ಶ್ರಮವನ್ನು ಬಣ್ಣಿಸುವವು ಕಡಿಮೆ.

ಓಲೆಯ ಮೇಲೆ ಅಕ್ಷರವನ್ನು ಕಂಟದಿಂದ ಕೊರೆದು, ಆ ಗೀರುಗಳಲ್ಲಿ ಕಾಡಿಗೆಯನ್ನು ತುಂಬಿರುವರು. ಮಹಾನವಮಿಯ ಪೂಜೆಗೆಂದು ಕಟ್ಟನ್ನು ಇಳಿಸಿದ ಭಕ್ತನು ಒದ್ದೆಯ ಬಟ್ಟೆಯಿಂದ ಅದನ್ನು ಒರೆಸಿದರೆ ಕಾಡಿಗೆಯೂ ಧೂಳಿನೊಡನೆ ಹೋಗುವದು. ಕೆಲವರು ಎಣ್ಣೆಯನ್ನು ಧಾರಾಳವಾಗಿ ಸವರುವರು. ಆ ಜಿಡ್ಡಿಗೆ ಧೂಳು ಮತ್ತಷ್ಟು ಕೂಡುವದು. ಸೀಳಿದ ಗರಿಗೆ ಅಂಗಡಿಯ ಅಂಟುಪಟ್ಟಿಯನ್ನು ಹಚ್ಚುವದಂತೂ ಎಲ್ಲಕ್ಕೂ ಮಿಗಿಲಾದ ಅಪಕಾರವು, ಏಕೆಂದರೆ ಅಂಟು ಹಳದಿಯಾಗಿ ಗರಿಯೊಳಗೆ ಇಳಿದ ಮೇಲೆ ತೆಗೆಯಹೋದರೆ ಅಕ್ಷರವೇ ಕಿತ್ತುಬರುವದು. ಇವರೆಲ್ಲರ ಭಕ್ತಿಯಲ್ಲಿ ಕುಂದಿಲ್ಲ. ಇವರಿಗೆ ಕಲಿಸಿದವರಿಲ್ಲ, ಅಷ್ಟೆ.

ಬಲ್ಲವರ ಕೈಕೆಳಗೆ ಸೇವೆಗೆ ನಿಂತವನಿಗೆ ಮೊದಲ ದಿನ ಔಷಧಿಯ ಎಣ್ಣೆಯನ್ನು ಕೊಡುವದಿಲ್ಲ, ಕಾಗದ ಸೀಸದಕಡ್ಡಿಗಳನ್ನು ಕೊಡುವರು. ಕಟ್ಟಿನ ಉದ್ದ ಅಗಲವೆಷ್ಟು, ದಾರದ ರಂಧ್ರಗಳೆಷ್ಟು, ಗರಿಗೆ ಸಾಲುಗಳೆಷ್ಟು, ಮೊದಲು ಯಾವ ಶಬ್ದ, ಕಡೆಗೆ ಯಾವ ಶಬ್ದ, ನಡುವೆ ಯಾವ ಗರಿಯು ಇಲ್ಲ ಎಂದು ಅವನು ಬರೆದುಕೊಳ್ಳುವನು. ದಾರವನ್ನು ಬಿಚ್ಚುವ ಮೊದಲು ಗರಿಗಳ ಕ್ರಮವನ್ನು ಗುರುತಿಸಿಕೊಳ್ಳುವನು. ಆ ಬಳಿಕ ಒಣಗಿದ ಮೆತ್ತನೆಯ ಕುಂಚದಿಂದ ಗರಿಯ ನಾರಿನ ಉದ್ದಕ್ಕೆ ಧೂಳನ್ನು ಸರಿಸುವನು. ದಿನಕ್ಕೆ ಒಂದೇ ಕಟ್ಟು ಮುಗಿದರೂ ಆಕ್ಷೇಪವಿಲ್ಲ. ಸಂಜೆಗೆ ಗರಿಗಳನ್ನು ತಿರುಗಿ ಎಣಿಸಿ, ಬೆಳಿಗ್ಗೆ ಬರೆದ ಸಂಖ್ಯೆಯೊಡನೆ ತಾಳೆನೋಡಿ, ಎರಡು ಹಲಗೆಗಳ ನಡುವೆ ಇಟ್ಟು, ದಾರವು ಗರಿಯ ಅಂಚನ್ನು ಕೊಯ್ಯದಂತೆ ಸುತ್ತಿ, ಒಗೆದ ಹತ್ತಿಯ ಬಟ್ಟೆಯಲ್ಲಿ ಕಟ್ಟಿ, ಅದು ಇದ್ದ ಸ್ಥಳದಲ್ಲಿಯೇ ಇಡುವನು.