ಎರಡು ಗ್ರಂಥಗಳು, ಒಬ್ಬನೇ ಕರ್ತೃ



ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸ್ಟುಡಿಯೋದಲ್ಲಿ ವಿಜ್ಞಾನ ರಸಪ್ರಶ್ನೆ ಕಾರ್ಯಕ್ರಮದ ಚಿತ್ರೀಕರಣ ಮುಗಿದಿತ್ತು. ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಭಾಗವಹಿಸಲು ಬಂದಿದ್ದ ಮೊದಲ ಪಿಯುಸಿಯ ಒಬ್ಬಳು ಹುಡುಗಿ ನನ್ನ ಬಳಿ ಬಂದು ಕೇಳಿದಳು: "ಸರ್, ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಕೂತು ಬೈಬಲ್ ಓದುತ್ತೇವೆ. ಅದರಲ್ಲಿ ಸೂರ್ಯ ಆಕಾಶದ ಮಧ್ಯದಲ್ಲಿ ನಿಂತುಬಿಟ್ಟ ಎಂದಿದೆ. ಕಾಲೇಜಿನಲ್ಲಿ, ತಿರುಗುವುದು ಭೂಮಿ ಎಂದು ಓದುತ್ತೇವೆ. ಎರಡರಲ್ಲಿ ನಾನು ಯಾವುದನ್ನು ಬಿಡಬೇಕು?"

ನಾನು ಭೌತಶಾಸ್ತ್ರದ ಪದವೀಧರ. ಆದರೂ ಅವಸರದಲ್ಲಿದ್ದೆ. "ಪರೀಕ್ಷೆಯಲ್ಲಿ ಪಠ್ಯಪುಸ್ತಕದಲ್ಲಿರುವುದನ್ನು ಬರೆಯಮ್ಮಾ" ಎಂದೆ. ಸುತ್ತಲಿದ್ದವರು ನಕ್ಕರು. ಅವಳು ನಗಲಿಲ್ಲ. ಆ ಮುಖ ನನಗೆ ಇಂದಿಗೂ ನೆನಪಿದೆ. ಇಂದಿನ ನನ್ನ ಮಾತು ಅವಳಿಗೆ ಬಾಕಿ ಉಳಿಸಿಕೊಂಡ ಉತ್ತರ ಎಂದು ತಿಳಿಯಿರಿ.

ಇದೇ ಪ್ರಶ್ನೆಯನ್ನು ನಾಲ್ಕು ನೂರು ವರ್ಷಗಳಿಗೂ ಹಿಂದೆ ಇಟಲಿ ದೇಶದಲ್ಲಿ ಮತ್ತೊಬ್ಬ ಮಹಿಳೆ ಕೇಳಿದ್ದಳು. ಆಕೆ ಟಸ್ಕನಿಯ ರಾಜಮಾತೆ ಕ್ರಿಸ್ಟೀನಾ. 1613ರ ಡಿಸೆಂಬರ್ ತಿಂಗಳು. ಪೀಸಾ ನಗರದಲ್ಲಿ ಅರಸರ ಭೋಜನದ ಮೇಜಿನಲ್ಲಿ ಬೆನೆಡೆಟ್ಟೊ ಕಾಸ್ಟೆಲ್ಲಿ ಎಂಬ ಸನ್ಯಾಸಿಯೂ ಇದ್ದ. ಈತ ಪೀಸಾ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕ, ಗೆಲಿಲಿಯೊನ ಶಿಷ್ಯ. ಗುರು ಗ್ರಹದ ಸುತ್ತ ಸುತ್ತುವ ಚಂದ್ರರನ್ನು ಗೆಲಿಲಿಯೊ ತನ್ನ ದೂರದರ್ಶಕದಲ್ಲಿ ಕಂಡು ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಊಟವಾದ ಮೇಲೆ ರಾಜಮಾತೆ ಕಾಸ್ಟೆಲ್ಲಿಯನ್ನು ಕರೆಸಿ ಕೇಳಿದಳು: ಭೂಮಿ ಚಲಿಸುತ್ತದೆ ಎನ್ನುವುದಾದರೆ ಪವಿತ್ರ ಗ್ರಂಥದ ಮಾತೇನಾಯಿತು?

ಆಕೆಯ ಮನಸ್ಸಿನಲ್ಲಿದ್ದ ಪ್ರಸಂಗ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ, ಯೆಹೋಶುವನ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿದೆ. ಇಸ್ರಾಯೇಲ್ಯರ ನಾಯಕ ಯೆಹೋಶುವ ಗಿಬ್ಯೋನಿನ ಬಳಿ ಯುದ್ಧದಲ್ಲಿದ್ದಾನೆ. ಹೊತ್ತು ಮುಳುಗುವ ಮೊದಲು ಗೆಲ್ಲಬೇಕು. ಅವನು ದೇವರಿಗೆ ಮೊರೆಯಿಟ್ಟು ಸೂರ್ಯಚಂದ್ರರಿಗೆ ನಿಲ್ಲುವಂತೆ ಹೇಳುತ್ತಾನೆ. ಸೂರ್ಯ ನಿಂತ ಎನ್ನುತ್ತದೆ ಗ್ರಂಥ. ನಿಲ್ಲಬೇಕಾದರೆ ಅದು ಮೊದಲು ಚಲಿಸುತ್ತಿರಬೇಕಲ್ಲವೆ?

ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ ಕ್ರೈಸ್ತರಿಗೆ ಬೈಬಲ್ ಎಂದರೇನು ಎಂಬುದನ್ನು ಸ್ವಲ್ಪ ನೋಡಬೇಕು. ಅದು ಒಂದೇ ಪುಸ್ತಕವಲ್ಲ, ಒಂದು ಗ್ರಂಥಮಾಲೆ. ಪ್ರಾಟೆಸ್ಟಂಟರ ಎಣಿಕೆಯಲ್ಲಿ 66 ಗ್ರಂಥಗಳು, ಕ್ಯಾಥೊಲಿಕರ ಎಣಿಕೆಯಲ್ಲಿ 73. ಹೀಬ್ರೂ, ಅರಾಮಿಕ್ ಮತ್ತು ಗ್ರೀಕ್ ಭಾಷೆಗಳಲ್ಲಿ, ಅನೇಕ ಶತಮಾನಗಳಲ್ಲಿ, ಅನೇಕರು ಬರೆದದ್ದು. ಅದರಲ್ಲಿ ಚರಿತ್ರೆಯಿದೆ, ಕಾವ್ಯವಿದೆ, ಕಾನೂನಿದೆ, ಗಾದೆಗಳಿವೆ, ಪತ್ರಗಳಿವೆ. ಬರೆದವರು ಮನುಷ್ಯರಾದರೂ ಬರೆಯಿಸಿದ ಪ್ರೇರಣೆ ದೇವರದು ಎಂಬುದು ಕ್ರೈಸ್ತರ ನಂಬಿಕೆ. ಆ ದೇವರು ಯಾರು? ಆಕಾಶ, ಭೂಮಿ, ಕಾಣುವುದು, ಕಾಣದ್ದು ಎಲ್ಲವನ್ನೂ ಸೃಷ್ಟಿಸಿದವನು. ಅವನು ಸೃಷ್ಟಿಯ ಒಂದು ಭಾಗವಲ್ಲ. ಸೂರ್ಯನೂ ಅವನಲ್ಲ, ನಕ್ಷತ್ರವೂ ಅವನಲ್ಲ.

ಹೀಗೆ ನಂಬಿದ ಮೇಲೆ ಒಂದು ಮಾತು ತಾನಾಗಿಯೇ ಹೊರಡುತ್ತದೆ. ಪ್ರಕೃತಿಯೂ ದೇವರ ಕೃತಿ, ಶಾಸ್ತ್ರವೂ ದೇವರ ಕೃತಿ. ಗ್ರಂಥಗಳು ಎರಡು, ಕರ್ತೃ ಒಬ್ಬನೇ. ಆದ್ದರಿಂದ ಇವೆರಡೂ ಒಂದಕ್ಕೊಂದು ವಿರುದ್ಧವಾಗಲಾರವು. ವಿರುದ್ಧವಾಗಿ ಕಂಡರೆ, ಎರಡರಲ್ಲಿ ಒಂದನ್ನು ನಾವು ತಪ್ಪಾಗಿ ಓದಿದ್ದೇವೆ ಎಂದರ್ಥ. ಗೆಲಿಲಿಯೊ ಇದನ್ನು ಒಪ್ಪಿದ್ದ. ಅವನನ್ನು ವಿಚಾರಣೆಗೆ ಗುರಿಮಾಡಿದವರೂ ಒಪ್ಪಿದ್ದರು. ಇದನ್ನು ನೀವು ಗಮನವಿಟ್ಟು ಕೇಳಬೇಕು. ನಾವು ಸಾಮಾನ್ಯವಾಗಿ ಈ ಕಥೆಯನ್ನು ದೇವರನ್ನು ನಂಬದ ವಿಜ್ಞಾನಿಗೂ ದೇವರನ್ನು ನಂಬಿದ ಚರ್ಚಿಗೂ ನಡೆದ ಜಗಳ ಎಂದು ತಿಳಿಯುತ್ತೇವೆ. ಅದು ಹಾಗಿರಲಿಲ್ಲ. ಇಬ್ಬರೂ ಬೈಬಲಿನ ಅಧಿಕಾರವನ್ನು ಒಪ್ಪಿದವರೇ. ಆ ಅಧಿಕಾರ ಯಾವ ವಿಷಯಕ್ಕೆ ಸಂಬಂಧಿಸಿದ್ದು, ಅದನ್ನು ಓದಿ ಅರ್ಥ ಹೇಳುವ ಹಕ್ಕು ಯಾರದು ಎಂಬುದೇ ಜಗಳ.

ಕಾಸ್ಟೆಲ್ಲಿ ನಡೆದುದನ್ನು ತಿಳಿಸಿದ ಕೂಡಲೇ, 1613ರ ಡಿಸೆಂಬರ್ 21ರಂದು ಗೆಲಿಲಿಯೊ ಅವನಿಗೆ ಒಂದು ದೀರ್ಘ ಪತ್ರ ಬರೆದ. 1615ರಲ್ಲಿ ಅದನ್ನೇ ವಿಸ್ತರಿಸಿ ರಾಜಮಾತೆ ಕ್ರಿಸ್ಟೀನಾಳ ಹೆಸರಿಗೇ ಬರೆದ. ಅವನ ವಾದದ ಸಾರಾಂಶ ಇಷ್ಟು: ಶಾಸ್ತ್ರ ಸುಳ್ಳು ಹೇಳುವುದಿಲ್ಲ, ಆದರೆ ಅದಕ್ಕೆ ಅರ್ಥ ಹೇಳುವವರು ತಪ್ಪಬಹುದು. ಶಾಸ್ತ್ರ ಜನಸಾಮಾನ್ಯರ ಭಾಷೆಯಲ್ಲಿ, ಕಣ್ಣಿಗೆ ಕಂಡಂತೆ ಮಾತನಾಡುತ್ತದೆ. ಮನುಷ್ಯನ ಉದ್ಧಾರದ ದಾರಿಯನ್ನು ತೋರಿಸುವುದು ಅದರ ಉದ್ದೇಶವೇ ಹೊರತು ಖಗೋಳ ಗಣಿತವನ್ನು ಕಲಿಸುವುದಲ್ಲ.

ಕಣ್ಣಿಗೆ ಕಂಡಂತೆ ಮಾತನಾಡುವುದು ನಮಗೂ ಹೊಸದಲ್ಲ. "ಹೊತ್ತು ಹುಟ್ಟಿತು", "ಹೊತ್ತು ಮುಳುಗಿತು" ಎನ್ನುತ್ತೇವೆ. ನಮ್ಮ ವಾಹಿನಿಯಲ್ಲೇ ಸೂರ್ಯೋದಯ ಇಷ್ಟು ಗಂಟೆಗೆ ಎಂದು ಓದಿದರೆ ಯಾವ ವೀಕ್ಷಕರೂ ತಕರಾರು ಮಾಡುವುದಿಲ್ಲ. ಭೌತಶಾಸ್ತ್ರದ ಮೇಷ್ಟ್ರು ಕೂಡ ಮನೆಗೆ ಹೋಗಿ, "ಭೂಮಿ ಸಾಕಷ್ಟು ತಿರುಗಿತು, ದೀಪ ಹಚ್ಚಿ" ಎನ್ನುವುದಿಲ್ಲವಷ್ಟೆ!

ಈ ವಿಚಾರ ಗೆಲಿಲಿಯೊನ ಸ್ವಂತ ಸೃಷ್ಟಿಯೂ ಅಲ್ಲ. ಅವನಿಗಿಂತ ಸುಮಾರು 1200 ವರ್ಷಗಳ ಹಿಂದೆ, ಉತ್ತರ ಆಫ್ರಿಕದ ಬಿಷಪ್ ಸಂತ ಅಗಸ್ಟೀನ್ ಆದಿಕಾಂಡದ ಮೇಲೆ ಬರೆದ ವ್ಯಾಖ್ಯಾನದಲ್ಲಿ ಕ್ರೈಸ್ತರಿಗೆ ಒಂದು ಎಚ್ಚರಿಕೆ ಕೊಟ್ಟಿದ್ದ. ಆಕಾಶದ ಚಲನೆಯ ಬಗ್ಗೆ ಅನ್ಯರು ಲೆಕ್ಕ ಹಾಕಿ ಖಚಿತವಾಗಿ ತಿಳಿದಿರುವಾಗ, ಕ್ರೈಸ್ತನೊಬ್ಬ ಶಾಸ್ತ್ರದ ಹೆಸರಿನಲ್ಲಿ ಅಸಂಬದ್ಧ ಮಾತನಾಡಿದರೆ ಜನ ಶಾಸ್ತ್ರವನ್ನೇ ನಗೆಗೀಡುಮಾಡುತ್ತಾರೆ ಎಂಬುದು ಆ ಎಚ್ಚರಿಕೆಯ ತಾತ್ಪರ್ಯ. ಜರ್ಮನಿಯಲ್ಲಿ ದೈವಶಾಸ್ತ್ರವನ್ನೂ ಓದಿದ್ದ ಲೂಥರನ್ ಪಂಥದ ಕೆಪ್ಲರ್, 1609ರಲ್ಲಿ ಪ್ರಕಟವಾದ ತನ್ನ ಗ್ರಂಥದ ಪೀಠಿಕೆಯಲ್ಲಿ ಇದೇ ಯೆಹೋಶುವನ ಪ್ರಸಂಗವನ್ನು ಎತ್ತಿಕೊಂಡು ಹೆಚ್ಚುಕಡಿಮೆ ಹೀಗೆಯೇ ಸಮಾಧಾನ ಹೇಳಿದ್ದ.

ಹಾಗಾದರೆ ರೋಮಿನವರಿಗೆ ಕಷ್ಟವಾದದ್ದೇನು? ಅದಕ್ಕೆ ಕಾರಣ ಆ ಕಾಲದಲ್ಲಿದೆ. 1517ರಲ್ಲಿ ಮಾರ್ಟಿನ್ ಲೂಥರ್ ಎಬ್ಬಿಸಿದ ಪ್ರತಿಭಟನೆಯಿಂದ ಪಶ್ಚಿಮ ಯೂರೋಪಿನ ಚರ್ಚು ಎರಡಾಗಿ ಒಡೆದಿತ್ತು. ಪೋಪರಿಗಿಂತ, ಧರ್ಮಸಭೆಗಳಿಗಿಂತ ಶಾಸ್ತ್ರವೇ ದೊಡ್ಡದು ಎಂಬುದು ಲೂಥರನ ನಿಲುವು. ಅದಕ್ಕೆ ಪ್ರತಿಯಾಗಿ ಟ್ರೆಂಟ್ ಮಹಾಸಭೆ 1546ರಲ್ಲಿ, ಚರ್ಚು ಹಾಗೂ ಪೂರ್ವಾಚಾರ್ಯರು ಒಮ್ಮತದಿಂದ ಹೇಳಿದ ಅರ್ಥಕ್ಕೆ ವಿರುದ್ಧವಾಗಿ ಯಾರೂ ಸ್ವಂತ ಬುದ್ಧಿಯಿಂದ ಶಾಸ್ತ್ರವನ್ನು ಅರ್ಥೈಸಬಾರದು ಎಂದು ವಿಧಿಸಿತು. ಇಂಥ ಹೊತ್ತಿನಲ್ಲಿ ಪಾದ್ರಿಯಲ್ಲದ ಒಬ್ಬ ಗಣಿತಜ್ಞ ಬೈಬಲನ್ನು ಹೇಗೆ ಓದಬೇಕೆಂದು ಹೇಳಹೊರಟರೆ ಸುಮ್ಮನಿದ್ದಾರೆಯೆ? 1615ರ ಫೆಬ್ರವರಿಯಲ್ಲಿ ಕಾಸ್ಟೆಲ್ಲಿಗೆ ಬರೆದ ಪತ್ರದ ನಕಲು ದೂರಿನೊಂದಿಗೆ ರೋಮಿಗೆ ಹೋಯಿತು. ಆ ಪತ್ರದ ಮೂಲಪ್ರತಿ 2018ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಗ್ರಂಥಾಲಯದಲ್ಲಿ ಬೆಳಕಿಗೆ ಬಂತು. ಗೆಲಿಲಿಯೊ ತನ್ನ ಕೆಲವು ಬಿರುಸಾದ ಮಾತುಗಳನ್ನು ತಾನೇ ಹೊಡೆದುಹಾಕಿ ಮೆದುವಾಗಿ ತಿದ್ದಿರುವುದು ಅದರಲ್ಲಿ ಕಾಣುತ್ತದೆ. ಅಪಾಯ ಅವನಿಗೂ ಗೊತ್ತಿತ್ತು.

ಆಗ ರೋಮಿನಲ್ಲಿದ್ದ ದೊಡ್ಡ ವಿದ್ವಾಂಸ ಕಾರ್ಡಿನಲ್ ಬೆಲ್ಲರ್ಮೀನ್. ಅವನು ದುಷ್ಟನೂ ಅಲ್ಲ, ಮೂಢನೂ ಅಲ್ಲ. 1615ರ ಏಪ್ರಿಲ್ 12ರಂದು ಕೋಪರ್ನಿಕಸನ ಪರವಾಗಿ ಬರೆದಿದ್ದ ಒಬ್ಬ ಪಾದ್ರಿಗೆ ಅವನು ಕೊಟ್ಟ ಉತ್ತರದ ಅಭಿಪ್ರಾಯ ಇದು: ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬುದಕ್ಕೆ ನಿಜವಾದ ಪ್ರಮಾಣ ಸಿಕ್ಕಿದರೆ, ಶಾಸ್ತ್ರವಾಕ್ಯಗಳನ್ನು ನಾವು ಬಹಳ ಎಚ್ಚರದಿಂದ ಮತ್ತೆ ಅರ್ಥ ಮಾಡಿಕೊಳ್ಳಬೇಕಾಗುತ್ತದೆ; ಆದರೆ ಅಂಥ ಪ್ರಮಾಣವನ್ನು ನನಗೆ ಯಾರೂ ತೋರಿಸಿಲ್ಲ.

ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಒಪ್ಪಿಕೊಳ್ಳಲೇಬೇಕು, ಪ್ರಮಾಣ ಕೇಳಿದ್ದು ತಪ್ಪಲ್ಲ. ಗೆಲಿಲಿಯೊನ ಬಳಿ ಆಗ ಪೂರ್ಣ ಪ್ರಮಾಣ ಇರಲೂ ಇಲ್ಲ. ಅವನು ಬಹುವಾಗಿ ನೆಚ್ಚಿದ್ದ ವಾದ ಸಮುದ್ರದ ಉಬ್ಬರವಿಳಿತ. ಭೂಮಿಯ ಚಲನೆಯಿಂದ ನೀರು ತುಳುಕುತ್ತದೆ ಎಂದು ಅವನು ಹೇಳಿದ. ಅದು ತಪ್ಪು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರ ಹೆಚ್ಚು ಎಂಬುದು ನಮ್ಮ ಕರಾವಳಿಯ ಮಕ್ಕಳಿಗೂ ಗೊತ್ತು. ಕಾರಣ ಚಂದ್ರ ಮತ್ತು ಸೂರ್ಯರ ಆಕರ್ಷಣೆ.

ಹಾಗಿದ್ದರೆ ರೋಮಿನವರು ಎಡವಿದ್ದು ಎಲ್ಲಿ? ಪ್ರಮಾಣ ತನ್ನಿ ಎಂದವರೇ ಪ್ರಮಾಣ ಹುಡುಕುವ ದಾರಿಯನ್ನು ಮುಚ್ಚಿದರು. ಅಲ್ಲಿ ಎಡವಿದರು. 1616ರ ಮಾರ್ಚ್ 5ರ ಆಜ್ಞೆ ಕೋಪರ್ನಿಕಸನ ಗ್ರಂಥವನ್ನು ತಿದ್ದುವವರೆಗೆ ತಡೆಹಿಡಿಯಿತು. 1543ರಲ್ಲಿ ಆ ಗ್ರಂಥ ಪ್ರಕಟವಾದಾಗ ಅದು ಅಂದಿನ ಪೋಪರಿಗೇ ಅರ್ಪಿತವಾಗಿತ್ತು! ಭೂಮಿಯ ಚಲನೆಯನ್ನು ಸತ್ಯವೆಂದು ಸಾಧಿಸಕೂಡದೆಂದು ಗೆಲಿಲಿಯೊನಿಗೂ ಎಚ್ಚರಿಕೆಯಾಯಿತು. 1632ರಲ್ಲಿ ಅವನ ಸಂವಾದ ಗ್ರಂಥ ಹೊರಬಂದ ಮೇಲೆ ವಿಚಾರಣೆ ನಡೆದು, 1633ರ ಜೂನ್ 22ರಂದು ಸುಮಾರು ಎಪ್ಪತ್ತು ವಯಸ್ಸಿನ ಆ ವೃದ್ಧ ಮೊಣಕಾಲೂರಿ ತನ್ನ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. 1642ರಲ್ಲಿ ಸಾಯುವವರೆಗೂ ಅವನು ಗೃಹಬಂಧನದಲ್ಲಿದ್ದ. ಕೊನೆಯ ವರ್ಷಗಳಲ್ಲಿ ಕಣ್ಣೂ ಹೋಗಿತ್ತು.

ಪ್ರಮಾಣಗಳು ಬಂದವು, ನಿಧಾನವಾಗಿ. ಭೂಮಿ ತನ್ನ ಕಕ್ಷೆಯಲ್ಲಿ ಸಾಗುವುದರಿಂದ ಹತ್ತಿರದ ನಕ್ಷತ್ರ ಸ್ವಲ್ಪ ಸರಿದಂತೆ ಕಾಣಬೇಕು. ಬೆಸೆಲ್ ಎಂಬ ಖಗೋಳಜ್ಞ ಅದನ್ನು 1838ರಲ್ಲಿ ಅಳೆದ. ಆ ಸರಿತ ಒಂದು ಡಿಗ್ರಿಯ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ! 1851ರಲ್ಲಿ ಪ್ಯಾರಿಸ್ಸಿನಲ್ಲಿ ಫೂಕೊ 67 ಮೀಟರ್ ಉದ್ದದ ತಂತಿಗೆ ಲೋಹದ ಗುಂಡು ಕಟ್ಟಿ ತೂಗಿಬಿಟ್ಟು, ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದನ್ನು ಜನರ ಕಣ್ಣಿಗೇ ತೋರಿಸಿದ. ಅಷ್ಟರಲ್ಲಿ ಚರ್ಚೂ ಬದಲಾಗಿತ್ತು. 1835ರ ನಿಷಿದ್ಧ ಗ್ರಂಥಗಳ ಪಟ್ಟಿಯಲ್ಲಿ ಕೋಪರ್ನಿಕಸ್, ಗೆಲಿಲಿಯೊ ಇಬ್ಬರ ಗ್ರಂಥಗಳೂ ಇರಲಿಲ್ಲ. 1992ರ ಅಕ್ಟೋಬರ್ 31ರಂದು ಪೋಪ್ ಎರಡನೆಯ ಜಾನ್ ಪಾಲ್ ಅವರು ವಿಜ್ಞಾನಿಗಳ ಸಭೆಯೊಂದರಲ್ಲಿ, ಅಂದಿನ ದೈವಶಾಸ್ತ್ರಜ್ಞರು ಭೌತಿಕ ಜಗತ್ತಿನ ರಚನೆಯನ್ನು ಶಾಸ್ತ್ರದ ಅಕ್ಷರಾರ್ಥವೇ ನಿರ್ಧರಿಸುತ್ತದೆ ಎಂದು ಭಾವಿಸಿ ತಪ್ಪು ಮಾಡಿದರು ಎಂದು ಒಪ್ಪಿಕೊಂಡರು. ಆ ವೇಳೆಗೆ ಗೆಲಿಲಿಯೊ ತೀರಿಕೊಂಡು 350 ವರ್ಷಗಳಾಗಿದ್ದವು.

ಇದಕ್ಕೆ ಎದುರು ಬದಿಯ ಆಸೆಯೊಂದಿದೆ, ಅದರಲ್ಲೂ ಎಚ್ಚರ ಬೇಕು. ವಿಜ್ಞಾನವನ್ನು ತಂದು ಶಾಸ್ತ್ರಕ್ಕೆ ಸಾಕ್ಷಿ ನಿಲ್ಲಿಸುವ ಆಸೆ ಅದು. ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಕ್ಯಾಥೊಲಿಕ್ ಪಾದ್ರಿ, ಭೌತವಿಜ್ಞಾನಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಗಣಿತದ ಮೂಲಕ ತೋರಿಸಿದವರು. ಇಂದು ನಾವು ಮಹಾಸ್ಫೋಟ ಎನ್ನುವ ವಿಚಾರಕ್ಕೆ ತಳಹದಿ ಹಾಕಿದವರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಈ ಹೊಸ ವಿಜ್ಞಾನದಲ್ಲಿ ದೇವರ ಸೃಷ್ಟಿಕಾರ್ಯಕ್ಕೆ ಬೆಂಬಲ ಕಂಡು ಮಾತನಾಡಿದಾಗ, ಅದು ಲೆಮೈತ್ರ್ ಅವರಿಗೆ ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ವಿಜ್ಞಾನದ್ದು, ಅದನ್ನು ವಿಜ್ಞಾನವಾಗಿಯೇ ಪರೀಕ್ಷಿಸಬೇಕು ಎಂಬುದು ಅವರ ನಿಲುವು. ಪೂಜೆಯ ಪೀಠದ ಮುಂದೆ ನಿಲ್ಲುವ ಪಾದ್ರಿಯೇ ಹೀಗೆ ಹೇಳಿದರು. ಏಕೆ? ಇಂದಿನ ಸಿದ್ಧಾಂತ ನಾಳೆ ತಿದ್ದುಪಡಿಯಾಗಬಹುದು. ದೇವರ ಮೇಲಿನ ನಂಬಿಕೆಯನ್ನು ಅದಕ್ಕೆ ಕಟ್ಟಿದರೆ, ಸಿದ್ಧಾಂತದ ಜೊತೆಗೆ ನಂಬಿಕೆಯೂ ಅಲುಗಾಡುತ್ತದೆ.

ಬೈಬಲಿನ ಪ್ರತಿ ವಾಕ್ಯವನ್ನೂ ಅಕ್ಷರಶಃ ಓದಬೇಕು ಎನ್ನುವ ಕ್ರೈಸ್ತರು ಇಂದಿಗೂ ಇದ್ದಾರೆ. ಯೆಹೋಶುವನ ದಿನ ನಡೆದದ್ದು ಪವಾಡ, ಸರ್ವಶಕ್ತನಿಗೆ ಅದು ಅಸಾಧ್ಯವಲ್ಲ ಎನ್ನುವವರಿದ್ದಾರೆ. ಕಷ್ಟದಲ್ಲಿದ್ದ ಜನರ ಮೊರೆಯನ್ನು ದೇವರು ಕೇಳಿದ ಎಂಬುದೇ ಅದರ ಸಾರ ಎನ್ನುವವರಿದ್ದಾರೆ. ಅದು ಅವರವರ ನಂಬಿಕೆ; ನಂಬದವರೂ ನಮ್ಮ ನಡುವೆ ಇದ್ದಾರೆ. ದೇವರು ಮೊರೆ ಕೇಳುತ್ತಾನೆಯೇ ಎಂಬುದನ್ನು ದೂರದರ್ಶಕ ಅಳೆಯಲಾರದು. ಆದರೆ ಭೂಮಿ ತಿರುಗುತ್ತದೆಯೇ ಎಂಬುದು ಅಳೆಯುವ ವಿಷಯ. ಅಳೆಯಬಹುದಾದದ್ದನ್ನು ಅಳೆದೇ ತೀರ್ಮಾನಿಸಬೇಕು. ಅಲ್ಲಿ ಪೋಪರ ಆಜ್ಞೆಗೂ ಬೆಲೆಯಿಲ್ಲ, ಉಬ್ಬರವಿಳಿತದ ವಿಷಯದಲ್ಲಿ ಗೆಲಿಲಿಯೊನ ಹೆಸರಿಗೂ ಬೆಲೆಯಿಲ್ಲ.

ಅಂದು ಸ್ಟುಡಿಯೋದಲ್ಲಿ ಕೇಳಿದ ಆ ಹುಡುಗಿ ಈಗ ಎಲ್ಲಿದ್ದಾಳೋ. ಅವಳಿಗೆ ಇಷ್ಟು ಹೇಳಬೇಕಿತ್ತು: ಯಾವುದನ್ನೂ ಬಿಡುವ ಅವಸರ ಬೇಡಮ್ಮಾ. ರಾತ್ರಿ ಓದುವ ಗ್ರಂಥವನ್ನು ಅದು ಯಾವುದಕ್ಕಾಗಿ ಬರೆದದ್ದೋ ಅದಕ್ಕಾಗಿ ಓದು. ಹಗಲು ಓದುವ ಪುಸ್ತಕದ ಮಾತನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಒಪ್ಪು. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದಂತೆ ಕಂಡಾಗ, ನಾನು ಯಾವುದನ್ನು ತಪ್ಪಾಗಿ ಓದಿದ್ದೇನೆ ಎಂದು ನಿಧಾನವಾಗಿ ಕೇಳಿಕೋ. ಬಿಡಬೇಕಾಗಿ ಬಂದರೆ ಮೊದಲು ಬಿಡಬೇಕಾದ್ದು, ನನ್ನ ಓದಿನಲ್ಲಿ ತಪ್ಪೇ ಇಲ್ಲ ಎಂಬ ಹಠವನ್ನು.

ಮಿತ್ರರೇ, ನಿಮ್ಮ ತರಗತಿಯಲ್ಲಿಯೂ ಯಾರಾದರೂ ಇಂಥ ಪ್ರಶ್ನೆ ಕೇಳಬಹುದು. ಆಗ ನನ್ನಂತೆ ನಗೆಯಾಡಿ ಕಳುಹಿಸಬೇಡಿ. ಕೂರಿಸಿಕೊಂಡು ಮಾತನಾಡಿ.